ಅಡ್ಡಹೆಸರು ಕೊಟ್ಟ ತಮ್ಮ

ನಮ್ಮ ಮನೆಯ ಅಡ್ಡಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಬೀದರ ಜಿಲ್ಲೆಯ ಯಾರು ಬೇಕಾದರೂ ಸೀದಾ ನಮ್ಮ ಬಾಗಿಲಿಗೇ ಬಂದು ನಿಂತಾರು. ಆ ಹೆಸರಿನವರು ಅಷ್ಟು ಕಡಿಮೆ. ಅದೊಂದು ಮರದ ಹೆಸರು ಎಂದಷ್ಟೇ ಹೇಳುತ್ತೇನೆ. ನಮ್ಮವರ ಮುತ್ತಜ್ಜನ ಕಾಲದಲ್ಲೋ ಅದಕ್ಕೂ ಹಿಂದೆಯೋ ಅವರ ಮನೆ ಊರ ಹೊರಗೆ ಆ ಮರದ ಬುಡದಲ್ಲಿತ್ತಂತೆ. ಒಂದೇ ಹೆಸರಿನ ಗಂಡಸರು ಊರ ತುಂಬ ಇದ್ದಾಗ ಗುರುತಿಗೆ ಬೇಕಲ್ಲ, ಜನ ಇವರನ್ನು ಮರದ ಹೆಸರು ಹಿಡಿದು ಕರೆದರು. ಮರ ಹೋಯಿತು, ಮನೆ ಹೋಯಿತು, ಕರೆದದ್ದು ಉಳಿಯಿತು.

ನಾನು ಆ ಹೆಸರಿಗೆ ಹುಟ್ಟಿದವಳಲ್ಲ, ಮದುವೆಯಾಗಿ ಬಂದವಳು. ನನ್ನ ತವರಿನ ಅಡ್ಡಹೆಸರು ಭಾಲ್ಕಿ ಕಡೆ ಓಣಿಗೊಂದು ಸಿಗುತ್ತದೆ. ಅಕ್ಷತೆ ಬಿದ್ದ ದಿನ ಅದನ್ನು ಚಪ್ಪರದಲ್ಲೇ ಬಿಟ್ಟು ಬಂದೆ. ಅದು ಎಲ್ಲಿಂದ ಬಂತು, ಯಾರಿಂದ ಬಂತು ಎಂದು ಇವತ್ತಿನವರೆಗೂ ಒಂದು ನರಪಿಳ್ಳೆಯೂ ಕೇಳಿಲ್ಲ. ನಮ್ಮವರ ಅಡ್ಡಹೆಸರಿನ ಗತ್ತು ಬೇರೆ. ನೌಕರಿಗಾಗಿ ನಾವು ಬಂದು ನೆಲೆಸಿದ ನಾಶಿಕದಲ್ಲಿ ಯಾರಾದರೂ ಮರಾಠಿಯವರು ‘ಹೇ ಕಸಲಂ ಆಡನಾವ್?’ ಎಂದು ಹುಬ್ಬೇರಿಸಿದರೆ ಸಾಕು, ಇವರ ಮುಖ ಅರಳುತ್ತಿತ್ತು. ಇದೆಂಥ ಅಡ್ಡಹೆಸರು ಎಂದು ಕೇಳಿದವರು ಪಾಪ ಒಂದು ಮಾತಿನಲ್ಲಿ ಉತ್ತರ ಬಯಸಿದವರು. ಇವರು ಮುತ್ತಜ್ಜನಿಂದ ಶುರು ಮಾಡುತ್ತಿದ್ದರು. ಪಂಚವಟಿಯ ನಮ್ಮ ಗಲ್ಲಿಯಲ್ಲಿ ಹಾಲಿನವನು ಆ ಕತೆ ಕೇಳಿ ಕೇಳಿ ಕೊನೆಗೆ ಹಾಲು ಹೊಸ್ತಿಲ ಹೊರಗೇ ಇಟ್ಟು ಓಡುತ್ತಿದ್ದ.

ನಗುವುದು ಸುಲಭ. ಆದರೆ ಅವರ ಆಸೆ ನನಗೆ ಗೊತ್ತಿತ್ತು. ಇವರು ಒಬ್ಬನೇ ಮಗ. ಇವರ ಅಪ್ಪನೂ ಒಬ್ಬನೇ ಮಗ. ನಮ್ಮ ಕಡೆ ಮದುವೆ ಮುಂಜಿಯಲ್ಲಿ ‘ಅಣ್ತಮ್ಮಂದಿರು ಬರ್ರಿ’ ಎಂದು ಕೂಗುತ್ತಾರೆ. ಒಂದೇ ಅಡ್ಡಹೆಸರಿನ ಗಂಡಸರೆಲ್ಲ ಎದ್ದು ಬಂದು ನಿಲ್ಲಬೇಕು. ನಮ್ಮ ಮದುವೆಯಲ್ಲಿ ಕೂಗಿದಾಗ ಇವರ ಕಡೆಯಿಂದ ಯಾರೂ ಏಳಲಿಲ್ಲ. ಕೊನೆಗೆ ಮಗ್ಗುಲ ಮನೆಯವರೊಬ್ಬರು ಎದ್ದು ನಿಂತು ಮಾನ ಉಳಿಸಿದರು. ಬಾಸಿಂಗದ ಕೆಳಗೆ ಇವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಗಂಡನ ಬಗ್ಗೆ ನನಗೆ ಮೊದಲು ತಿಳಿದ ಸಂಗತಿ ಅದೇ.

ನಾಶಿಕದ ಸಾತಪುರದ ಕಾರ್ಖಾನೆಯಲ್ಲಿ ಇವರು ಸೂಪರ್‌ವೈಸರ್. ಒಮ್ಮೆ ಅಲ್ಲಿ ಹೊಸ ಮಶಿನ್ ಕೂರಿಸಲು ಜರ್ಮನಿಯಿಂದ ಒಬ್ಬ ಇಂಜಿನಿಯರ್ ಬಂದ. ಹೋಟೆಲಿನ ಊಟದಿಂದ ಹೊಟ್ಟೆ ಕೆಡಿಸಿಕೊಂಡಿದ್ದವನನ್ನು ಇವರು ಮನೆಗೆ ಕರೆತಂದರು. ನಾನು ಜೋಳದ ರೊಟ್ಟಿ, ಖಾರ ಕಡಿಮೆ ಹಾಕಿದ ಎಣ್ಣೆಗಾಯಿ ಮಾಡಿದ್ದೆ. ಉಣ್ಣುತ್ತ ಉಣ್ಣುತ್ತ ಮಾತು ಎಲ್ಲಿಗೆ ಬಂದಿರಬೇಕು ಹೇಳಿ? ಅಡ್ಡಹೆಸರಿಗೇ. ನೋಡಿದರೆ ಅವನದೂ ಅಪರೂಪದ್ದು, ಅವನದೂ ಮರದ್ದು. ನೀರಿನ ದಂಡೆಯಲ್ಲಿ ಬೆಳೆಯುವ ಯಾವುದೋ ಮರಕ್ಕೆ ಅವರ ಹಳೆಯ ಭಾಷೆಯಲ್ಲಿದ್ದ ಪದವಂತೆ. ಜರ್ಮನಿಯ ಒಂದು ಕಣಿವೆಯಲ್ಲಿ ಆ ಹೆಸರಿನ ಕೆಲವು ಮನೆಗಳಿವೆ. ಇಂಗ್ಲೆಂಡಿನ ಒಂದು ಮೂಲೆಯಲ್ಲೂ ಕೆಲವು ಇವೆ. ಎರಡೂ ಕಡೆಯಿಂದ ಹಡಗು ಹತ್ತಿ ದೂರದ ದೇಶಗಳಿಗೆ ಹೋದವರೂ ಇದ್ದಾರೆ.

ಅವನು ತರುಣನಾಗಿದ್ದಾಗ ಇಂಗ್ಲೆಂಡಿಗೆ ಹೋಗಿ ಆ ಹೆಸರಿನವರ ಮನೆ ಹುಡುಕಿದ್ದನಂತೆ. ಅವರು ಚಹ ಕೊಟ್ಟು ಕೂರಿಸಿದರು. ಎರಡೂ ಮನೆಯವರು ತಮ್ಮ ತಮ್ಮ ಹಿರಿಯರ ಸುದ್ದಿ ಹೇಳಿಕೊಂಡಾಗ ಗೊತ್ತಾಯಿತು, ಒಬ್ಬರಿಗೂ ಇನ್ನೊಬ್ಬರಿಗೂ ರಕ್ತದ ನಂಟು ಇಲ್ಲವೇ ಇಲ್ಲ. ಭಾಷೆಗಳು ಹಿಂದೆ ಹತ್ತಿರದವು, ಹಾಗಾಗಿ ಮರಕ್ಕೆ ಎರಡೂ ಕಡೆ ಒಂದೇ ಪದ. ಮರ ಎರಡೂ ದೇಶದಲ್ಲಿ ಬೆಳೆಯುತ್ತದೆ. ಇಂಗ್ಲೆಂಡಿನಲ್ಲಿ ಮರದ ಪಕ್ಕ ಇದ್ದವನನ್ನು ಅಲ್ಲಿಯವರು ಹಾಗೆ ಕರೆದರು, ಜರ್ಮನಿಯವನನ್ನು ಜರ್ಮನಿಯವರು. ‘ಹೆಸರು ಒಂದು, ಬೇರು ಎರಡು,’ ಎಂದು ಅವನು ಎರಡು ಬೆರಳು ತೋರಿಸಿದ. ನಿಮಗೆ ಬೇಜಾರಾಗಲಿಲ್ಲವೇ ಎಂದು ನಮ್ಮವರು ಕೇಳಿದರು. ಇಲ್ಲ, ಚಹ ಚೆನ್ನಾಗಿತ್ತು ಎಂದ. ನಮ್ಮವರ ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯಿತು.

ಮುಂದಿನ ರವಿವಾರ ಅವನನ್ನು ಬಲವಂತವಾಗಿ ದೇವಳಾಲಿ ಕ್ಯಾಂಪಿಗೆ ಕರೆದೊಯ್ದರು. ಅಲ್ಲಿ ಹಳೆಯ ಇಂಗ್ಲಿಷ್ ಸಿಪಾಯಿಗಳ ಗೋರಿಗಳಿವೆಯಲ್ಲ, ಅವುಗಳಲ್ಲಿ ನಿನ್ನ ಹೆಸರಿನವನು ಒಬ್ಬನಾದರೂ ಇದ್ದಾನು ಎಂಬ ಹಟ. ನಾನು, ಆಗಿನ್ನೂ ಸಾಲೆಗೆ ಹೋಗುತ್ತಿದ್ದ ಮಗಳು, ಇಬ್ಬರೂ ಹಿಂದೆ ಹಿಂದೆ. ಬಿಸಿಲಲ್ಲಿ ಕಲ್ಲು ಕಲ್ಲು ಓದುತ್ತ ಹೋದರು. ಬೇಲಿಯ ಕಡೆ ಪಾಚಿ ಹಿಡಿದ ಒಂದು ಕಲ್ಲಿನ ಮೇಲೆ ಆ ಹೆಸರು ಸಿಕ್ಕೇಬಿಟ್ಟಿತು! ಸಣ್ಣ ವಯಸ್ಸಿನ ಸಿಪಾಯಿ. ಜರ್ಮನಿಯವನು ಒಂದು ಫೋಟೋ ತೆಗೆದುಕೊಂಡು, ಪಾಪ ಎಷ್ಟು ದೂರ ಬಂದು ಸತ್ತಿದ್ದಾನೆ ಎಂದು ಸುಮ್ಮನೆ ನಿಂತ. ನಮ್ಮವರು ಮಾತ್ರ ಕರ್ಚೀಫಿನಿಂದ ಕಲ್ಲು ಒರೆಸಿ, ಬಾಟಲಿಯ ನೀರು ಹಾಕಿ, ಹೊರಗೆ ಹೋಗಿ ಚೆಂಡುಹೂವು ತಂದು ಅವನ ಕೈಗೆ ಕೊಟ್ಟು ಇಡಿಸಿದರು. ನಿನ್ನ ಹೆಸರಿನವನು, ನೀನಲ್ಲದೆ ಇನ್ಯಾರು ಇಡಬೇಕು ಎಂಬ ಲೆಕ್ಕ ಇವರದು. ಮನೆಗೆ ಬಂದ ಮೇಲೆ ನನ್ನ ಹತ್ತಿರ ಹೇಳಿದರು, ‘ಛಲೋ ಮನಷಾ. ಆದ್ರ ಅಂತಃಕರಣ ಸ್ವಲ್ಪ ಕಮ್ಮಿ ಅದ ನೋಡು.’

ಅಲ್ಲಿಂದ ಇವರಿಗೆ ಹುಡುಕುವ ಹುಚ್ಚು ಹತ್ತಿತು. ಹೋದ ಊರಿನಲ್ಲೆಲ್ಲ ಅಂಗಡಿಗಳ ಬೋರ್ಡು ಓದುವುದು. ಆಟೋದಲ್ಲಿ ಕೂತರೂ ಕತ್ತು ಹೊರಗೆ. ಕಂಪನಿ ಕೆಲಸಕ್ಕೆ ಸಂಭಾಜಿನಗರಕ್ಕೆ ಹೋದಾಗ ಒಂದು ಹಾರ್ಡ್‌ವೇರ್ ಅಂಗಡಿಯ ನೆತ್ತಿಯ ಮೇಲೆ ನಮ್ಮ ಅಡ್ಡಹೆಸರು ಕಂಡಿತು. ಆಗ ಊರಿಗೆ ಹಳೆಯ ಹೆಸರೇ ಇತ್ತು. ಮುಂದೆ ಊರಿನ ಹೆಸರು ಬದಲಾದಾಗ ಆ ಬೋರ್ಡಿನ ಕೆಳಗಿನ ಸಾಲು ಬದಲಾಯಿತು, ಮೇಲಿನ ಸಾಲು ಹಾಗೇ ಉಳಿಯಿತು. ಅದನ್ನೂ ಇವರು ಒಂದು ಗೆಲುವಿನ ಹಾಗೆ ಹೇಳಿಕೊಂಡು ತಿರುಗಿದ್ದಾರೆ.

ಅಂಗಡಿಯವರು ಉದಗೀರದ ಆಚೆಯ ಒಂದು ಹಳ್ಳಿಯಿಂದ ಬಂದವರು, ಮನೆಯಲ್ಲಿ ಕನ್ನಡ, ಗಲ್ಲಾಪೆಟ್ಟಿಗೆಯ ಮುಂದೆ ಮರಾಠಿ. ಅವರ ಹಿರಿಯರ ಮನೆಯೂ ಅದೇ ಜಾತಿಯ ಮರದ ಹತ್ತಿರ ಇತ್ತಂತೆ. ಇಷ್ಟು ಸಾಕಾಯಿತು ನಮ್ಮವರಿಗೆ. ನಮ್ಮಲ್ಲಿ ಹೊಸಬರು ಸಿಕ್ಕರೆ ಮೊದಲು ಊರು, ಆಮೇಲೆ ಮನೆದೇವರು, ಗೋತ್ರ ಎಲ್ಲ ಕೇಳಿ, ನಂತರವೇ ನಂಟು ಕಟ್ಟುವುದು ರೂಢಿ. ಇವರು ಒಂದನ್ನೂ ಕೇಳಲಿಲ್ಲ. ಅಲ್ಲೇ ಮೊಳೆ ತೂಗುತ್ತ ನಿಂತವರನ್ನು ಅಪ್ಪಿಕೊಂಡು ‘ನೀ ನನ್ನ ತಮ್ಮ’ ಎಂದುಬಿಟ್ಟರು. ಅವರಿಗೂ ಅಣ್ಣತಮ್ಮಂದಿರು ಇರಲಿಲ್ಲ. ಒಂದು ಟವೆಲು, ಒಂದು ತೆಂಗಿನಕಾಯಿ ಕೊಟ್ಟುಕೊಂಡು, ಅವರ ಮನೆಯಲ್ಲಿ ಉಂಡು ಬಂದರು. ಆ ಸಂಜೆ ಇವರು ನಾಶಿಕದ ಸ್ಟ್ಯಾಂಡಿನಲ್ಲಿ ಬಸ್ ಇಳಿದು ಬಂದ ರೀತಿ ನೋಡಬೇಕಿತ್ತು. ಹೊಸ ಅಂಗಿ ತೊಟ್ಟ ಹುಡುಗನ ನಡಿಗೆ.

ಸುಳ್ಳು ಹೇಳಬಾರದು, ನನಗೂ ಆ ಸಂಬಂಧ ಹಿತವಾಗಿತ್ತು. ಆ ‘ತಮ್ಮ’ ಮೆತ್ತಗಿನ ಮನುಷ್ಯ, ಅವರ ಹೆಂಡತಿ ಜೋರು ನಗೆಯವಳು, ಒಬ್ಬ ಮಗ. ದೀಪಾವಳಿ ಅವರಲ್ಲಿ ಆದರೆ ಯುಗಾದಿ ನಮ್ಮಲ್ಲಿ. ಪ್ರತಿ ರವಿವಾರ ಬೆಳಿಗ್ಗೆ ಫೋನು: ‘ಏನೋ ತಮ್ಮಾ, ಸಕ್ಕರಿ ಬ್ಯಾನಿ ಇಟ್ಕೊಂಡು ಜಿಲೇಬಿ ತಿಂದೀಯಂತಲ್ಲೋ, ನಿನ್ ಹೆಂಡ್ತಿ ಹೇಳ್ಯಾಳ!’ ಬೈಯಲು ಒಬ್ಬ ತಮ್ಮ ಸಿಕ್ಕಿದ್ದ. ನಮ್ಮ ಮನೆಯ ವಾಸ್ತುಶಾಂತಿಯಲ್ಲಿ ‘ಅಣ್ತಮ್ಮಂದಿರು ಬರ್ರಿ’ ಎಂದಾಗ ಅವರು ಧಡಕ್ಕನೆ ಎದ್ದು ಬಂದು ಇವರ ಮಗ್ಗುಲಿಗೆ ನಿಂತರು. ಆ ದಿನ ಸೆರಗಿನಿಂದ ಕಣ್ಣೊರೆಸಿಕೊಂಡವಳು ನಾನು.

ಒಂದು ಶ್ರಾವಣದಲ್ಲಿ ಎರಡೂ ಮನೆಯವರು ಕೂಡಿ ತ್ರ್ಯಂಬಕೇಶ್ವರಕ್ಕೆ ಹೋದೆವು. ಅಭಿಷೇಕಕ್ಕೆ ಕೂತಾಗ ಭಟ್ಟರು ಸಂಕಲ್ಪಕ್ಕೆಂದು ‘ಗೋತ್ರ ಸಾಂಗಾ’ ಎಂದರು. ನಮ್ಮವರು ನಮ್ಮದು ಹೇಳಿದರು. ತಮ್ಮನ ಕಡೆ ತಿರುಗಿದರು ಭಟ್ಟರು. ಅವರು ತಮ್ಮದು ಹೇಳಿದರು. ಬೇರೆಯದು. ನಾನು ಇವರ ಹಿಂದೆಯೇ ಕೈ ಮುಗಿದು ಕೂತಿದ್ದೆ, ಸ್ಪಷ್ಟ ಕೇಳಿಸಿತು. ಗೋತ್ರ ಬೇರೆ ಎಂದರೆ ಅಣ್ಣತಮ್ಮಂದಿರಲ್ಲ, ಮಾತು ಮುಗಿಯಿತು. ಭಟ್ಟರು ಇಬ್ಬರ ಮುಖ ನೋಡಿದರು, ಈಗತಾನೆ ಅಣ್ಣತಮ್ಮ ಎಂದು ಹೇಳಿ ಕೂತವರು ಇವರು! ನಮ್ಮವರು ಅರ್ಜೆಂಟು ಇದ್ದವರಂತೆ ‘ಚಲಾ ಚಲಾ, ಮಂತ್ರ ಸುರೂ ಕರಾ’ ಎಂದು ಅವಸರ ಮಾಡಿದರು. ಹೊರಗೆ ಬಂದು ಜೀಪಿಗೆ ಕಾಯುವಾಗ ತಮ್ಮನಿಗೆ ಪೇರಲಹಣ್ಣು ಕೊಡಿಸಿದರು. ಯಾರೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಇಷ್ಟು ವರ್ಷಕ್ಕೆ ಸಿಕ್ಕ ತಮ್ಮನನ್ನು ಒಂದು ಪದ ಹೇಳಿ ಕಿತ್ತುಕೊಳ್ಳಲು ನನಗೇನು ಹುಚ್ಚೇ?

ಮಗಳು ಇಂಜಿನಿಯರಿಂಗಿಗೆ ಸಂಭಾಜಿನಗರಕ್ಕೆ ಹೋದಳು. ಕಾಕಾನ ಮನೆ ಇರುವಾಗ ಹಾಸ್ಟೆಲ್ ಯಾಕೆ ಎಂದು ಇವರೇ ಅಲ್ಲಿ ಬಿಟ್ಟು ಬಂದರು. ಅವಳ ಕನ್ನಡ ಅಷ್ಟಕ್ಕಷ್ಟೇ. ನಾವು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುವ ಪೈಕಿ. ಕಾಕಾನ ಮಗನೂ ಅದೇ ಪೈಕಿ. ಓದು ಮುಗಿದ ಮೇಲೆ ಊರ ಹೊರಗಿನ ವಾಳೂಜದ ಕಾರ್ಖಾನೆಯಲ್ಲಿ ನೌಕರಿ ಹಿಡಿದು, ಹೊಸ ಫ್ಲ್ಯಾಟೊಂದರಲ್ಲಿ ಬಾಡಿಗೆಗೆ ಉಳಿದಳು.

ನನಗೆ ಅನುಮಾನ ಬಂದದ್ದು ರಾಖಿಯಿಂದ. ಇವರು ಪ್ರತಿ ವರ್ಷ ತಾವೇ ಪಂಚವಟಿಯ ಪೇಟೆಯಲ್ಲಿ ದೊಡ್ಡದೊಂದು ರಾಖಿ ಆರಿಸಿ, ತಮ್ಮನ ಮಗನಿಗೆ ಕಟ್ಟು ಎಂದು ಮಗಳಿಗೆ ಕಳಿಸುತ್ತಿದ್ದರು. ಅವಳಿಗೆ ಒಂದು ವರ್ಷ ಜ್ವರ, ಒಂದು ವರ್ಷ ಪರೀಕ್ಷೆ, ಒಂದು ವರ್ಷ ಶಿಫ್ಟು. ಇನ್ನೊಂದು ವರ್ಷ ರಾಖಿ ಇಲಿ ಕಡಿಯಿತಂತೆ. ಹೊಸ ಫ್ಲ್ಯಾಟಿನಲ್ಲಿ ಎಲ್ಲಿಯ ಇಲಿ! ಹಬ್ಬಕ್ಕೆ ಎಲ್ಲರೂ ಕೂಡಿದಾಗ ನೋಡಿದೆ, ಅವಳು ಅವನಿಗೆ ಬಡಿಸುವಾಗ ಎಲ್ಲರಿಗಿಂತ ಕಡಿಮೆ ಮಾತಾಡುತ್ತಿದ್ದಳು. ನಾನು ಹೆತ್ತವಳು. ನನಗೆ ಇಷ್ಟು ಸಾಕು.

‘ಏನ ನಡದದ?’ ಎಂದು ಅಡಿಗೆಮನೆಯಲ್ಲಿ ಹಿಡಿದು ಕೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. ‘ಮಮ್ಮಿ, ತೋ ಮಾಝಾ ಭಾವೂ ನಾಹೀ,’ ಎಂದಳು. ಅವನು ನನ್ನ ಅಣ್ಣ ಅಲ್ಲ. ಆಮೇಲೆ ತನ್ನ ಹರಕು ಕನ್ನಡದಲ್ಲಿ, ‘ನಾ ಒಂದ್ ಸಲಾನೂ ರಾಖಿ ಕಟ್ಟಿಲ್ಲ. ಪಪ್ಪಾಗ ಹೇಳು’ ಎಂದಳು. ಅವನಲ್ಲದೆ ಬೇರೆಯವನನ್ನು ಮದುವೆಯಾಗುವುದಿಲ್ಲ ಎಂಬುದು ಅವಳ ಮುಖದಲ್ಲೇ ಇತ್ತು. ನಮ್ಮವರದೇ ಗದ್ದ, ನಮ್ಮವರದೇ ಹಟ.

ಹೇಳಿದೆ. ಇವರು ಕೂತಲ್ಲಿಂದ ಎದ್ದು ನಿಂತರು. ‘ಅಣ್ಣ-ತಂಗಿಗೆ ಲಗ್ನ ಮಾಡ್ತೀಯೇನ ನೀ? ಜನ ಮುಖಕ್ಕ ಉಗಳ್ತಾರ!’ ಎಂದು ಗಲ್ಲಿಗೆ ಕೇಳುವ ಹಾಗೆ ಕೂಗಿದರು. ಮಗಳು ಹೆದರದೆ ಎದುರು ಬಂದು, ದೇವಳಾಲಿಯ ಗೋರಿಯ ಮುಂದೆ ಕರೆದೊಯ್ದಿರಲ್ಲ, ಆ ಜರ್ಮನ್ ಅಂಕಲ್ ಏನು ಹೇಳಿದ್ದರು ನೆನಪಿದೆಯೇ ಎಂದು ಅವನಂತೆಯೇ ಎರಡು ಬೆರಳು ಎತ್ತಿದಳು. ಹೆಸರು ಒಂದು, ಬೇರು ಎರಡು. ಇವರು ‘ಅವ ಜರ್ಮನಿಯವ, ನಾವು ಬೀದರದವ್ರು’ ಎಂದು ಬಾಗಿಲು ಹಾಕಿಕೊಂಡರು. ಈ ಉತ್ತರಕ್ಕೆ ಇವತ್ತಿಗೂ ನನಗೆ ನಗು ಬರುತ್ತದೆ, ಆವತ್ತು ಬರಲಿಲ್ಲ.

ಆ ಕಡೆ ಹುಡುಗನೂ ತನ್ನ ಮನೆಯಲ್ಲಿ ಹೇಳಿದ್ದ. ತಮ್ಮನ ಫೋನು ಬಂತು. ‘ಅಣ್ಣಾ, ನಂದೇನೂ ಇಲ್ಲ. ಮನೀಗಿ ಹಿರ್ಯಾವ ನೀ. ನೀ ಹ್ಞೂಂ ಅಂದ್ರ ಹ್ಞೂಂ, ಬ್ಯಾಡಂದ್ರ ಬ್ಯಾಡ. ಹುಡುಗಗ ನಾ ಸಮಾಧಾನ ಹೇಳ್ತೀನಿ.’ ಇದಕ್ಕಿಂತ ದೊಡ್ಡ ಇಕ್ಕಟ್ಟು ಇನ್ನೇನಿದೆ? ಅಣ್ಣನಾಗಿಯೇ ಉಳಿದರೆ ಮಗಳ ಬಾಳು ಮುರಿಯಬೇಕು. ಮಗಳ ಬಾಳು ಕಟ್ಟಬೇಕೆಂದರೆ, ಇಷ್ಟು ಮರ್ಯಾದೆಯಿಂದ ಅಣ್ಣಾ ಎನ್ನುವವನಿಗೆ ನೀನು ನನ್ನ ತಮ್ಮನಲ್ಲ ಎನ್ನಬೇಕು.

ಇವರು ಊಟ ಬಿಟ್ಟರು. ಬಿಟ್ಟರು ಎಂದರೆ ನಮ್ಮೆದುರು. ಡಬ್ಬಿಯಲ್ಲಿನ ಚುರಮುರಿ ಇಳಿಯುತ್ತಿತ್ತು. ನಾನು ಕೆಲವು ದಿನ ಬಾಯಿ ಬಿಗಿಹಿಡಿದೆ. ಆಮೇಲೆ ನನಗೆ ಸಿಟ್ಟೇ ಬಂತು. ಮಗಳು ಆಫೀಸಿಗೆ ರಜೆ ಹಾಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ, ಇವರು ಅಡ್ಡಹೆಸರು ತಬ್ಬಿಕೊಂಡು ಕೂತಿದ್ದಾರೆ. ಎದುರು ಹೋಗಿ ನಿಂತೆ. ‘ತ್ರ್ಯಂಬಕದಾಗ ಭಟ್ಟರು ಗೋತ್ರ ಕೇಳಿದಾಗ ಅವ್ರು ಏನ್ ಹೇಳಿದ್ರು?’

‘ಗಂಟಿ ಬಾರಿಸ್ಲಾಕತ್ತಿದ್ರು. ನನಗ ಕೇಳ್ಸಿಲ್ಲ.’

‘ನಿಮ್ ಹಿಂದ ಕೂತ ನನಗ ಕೇಳ್ಸ್ಯಾದ, ಮಗ್ಗುಲದಾಗ ಕೂತ ನಿಮಗ ಕೇಳ್ಸಿಲ್ಲೇನ್ರಿ?’

ಇವರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ನಿನಗೂ ಗೊತ್ತಿತ್ತೇ, ಗೊತ್ತಿದ್ದೂ ಇಷ್ಟು ದಿನ ನನಗಾಗಿ ಸುಮ್ಮನಿದ್ದೆಯಾ ಎನ್ನುವಂತಿತ್ತು. ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಗೋದಾವರಿಯ ದಂಡೆಯಲ್ಲಿ ಎಲ್ಲಿಯೋ ಕೂತಿದ್ದರೆಂದು ಕಾಣುತ್ತದೆ, ಪೈಜಾಮದ ಅಂಚು ಒದ್ದೆಯಾಗಿತ್ತು. ಬರುವಾಗ ಕೈಯಲ್ಲಿ ಒಂದು ಟವೆಲು, ಒಂದು ತೆಂಗಿನಕಾಯಿ. ‘ನಡಿ, ಹೋಗಮು’ ಎಂದರು.

ಸಂಭಾಜಿನಗರದ ಅಂಗಡಿ ಮುಟ್ಟಿದಾಗ ಮಧ್ಯಾಹ್ನ. ತಮ್ಮ ಎದ್ದು ಬಂದು ಎಂದಿನಂತೆ ಕಾಲು ಮುಟ್ಟಲು ಬಗ್ಗಿದರು. ಇವರು ತೋಳು ಹಿಡಿದು ಎತ್ತಿದರು. ಅಣ್ಣನ ಕಾಲನ್ನು ತಮ್ಮ ಮುಟ್ಟಬಹುದು, ಹುಡುಗಿಯ ಅಪ್ಪನ ಕಾಲನ್ನು ಹುಡುಗನ ಅಪ್ಪ ಮುಟ್ಟುವಂತಿಲ್ಲ. ಅಲ್ಲಿಗೇ ನನಗೆ ತಿಳಿಯಿತು, ತೀರ್ಮಾನ ಆಗಿದೆ ಎಂದು. ಆದರೂ ಬಾಯಿಬಿಟ್ಟು ಹೇಳಲೇಬೇಕಲ್ಲ.

‘ನೀ ನನ್ ತಮ್ಮ ಅಲ್ಲ,’ ಎಂದರು. ‘ನಿಮ್ ಗೋತ್ರ ಬ್ಯಾರೆ, ನಮ್ಮದು ಬ್ಯಾರೆ. ನಿಮ್ ಗಿಡ ಬ್ಯಾರೆ, ನಮ್ ಗಿಡ ಬ್ಯಾರೆ. ತ್ರ್ಯಂಬಕದಾಗ ನಾ ಕೇಳೀನಿ. ಕೇಳಿ ಸುಮ್ನಿದ್ದೆ.’

ತಮ್ಮ ಗಲ್ಲಾಪೆಟ್ಟಿಗೆ ಹಿಡಿದು ನಿಂತರು. ‘ನಾನೂ ಕೇಳೀನಲ್ಲಣ್ಣಾ,’ ಎಂದರು. ‘ನೀ ಪೇರಲಹಣ್ಣು ಕೊಡ್ಸಿದಿ. ನಾ ಸುಮ್ನ ತಿಂದೆ.’

ಇಬ್ಬರು ದೊಡ್ಡ ಗಂಡಸರು ಮೊಳೆಯ ಡಬ್ಬಿಗಳ ನಡುವೆ ನಿಂತು ಅತ್ತರು. ಪೈಪು ಕೊಳ್ಳಲು ಬಂದ ಗಿರಾಕಿಯೊಬ್ಬ ಏನೋ ಸಾವಿನ ಸುದ್ದಿ ಎಂದುಕೊಂಡು ಹಿಂದಕ್ಕೆ ಹೋದ. ಆಮೇಲೆ ಟವೆಲು, ಕಾಯಿ ಕೊಟ್ಟುಕೊಂಡರು. ಮೊದಲ ಸಲ ಅಣ್ಣತಮ್ಮ ಆದಾಗ ಕೊಟ್ಟುಕೊಂಡದ್ದೂ ಅದನ್ನೇ. ಬೇರೆ ಏನು ಕೊಡಬೇಕೆಂದು ಇವರಿಗೆ ತೋಚಿರಲಿಲ್ಲ.

ಮದುವೆ ನಾಶಿಕದಲ್ಲೇ ಆಯಿತು. ಮಗಳ ಅಡ್ಡಹೆಸರು ಬದಲಾಗಲಿಲ್ಲ. ನೆಂಟರೆಲ್ಲ ಇವರ ಬೆನ್ನು ತಟ್ಟಿದರು, ಒಬ್ಬಳೇ ಮಗಳಾದರೂ ಹೆಸರು ಉಳಿಯಿತಲ್ಲ, ಮೊಮ್ಮಕ್ಕಳಿಗೂ ಅದೇ ಎಂದು. ಇವರು ನಕ್ಕರು, ಹಿಂದಿನ ಹಾಗೆ ಮುತ್ತಜ್ಜನಿಂದ ಕತೆ ಶುರು ಮಾಡಲಿಲ್ಲ. ‘ಅಣ್ತಮ್ಮಂದಿರು ಬರ್ರಿ’ ಎಂದು ಕೂಗಿದಾಗ ಎದುರು ಸಾಲಿನಲ್ಲಿ ವರನ ಅಪ್ಪ ಅಭ್ಯಾಸಬಲದಿಂದ ಅರ್ಧ ಎದ್ದರು. ಎದ್ದವರು ಇವರ ಮುಖ ನೋಡಿ ಮೆಲ್ಲಗೆ ಕುಳಿತರು. ಇವರ ಮಗ್ಗುಲಿಗೆ ನಮ್ಮ ಗಲ್ಲಿಯವರೊಬ್ಬರು ಬಂದು ನಿಂತರು.

ಮದುವೆಯ ನಂತರದ ಮೊದಲ ರವಿವಾರ. ಬೆಳಿಗ್ಗೆ ಚಹ ಕುಡಿದು ಇವರು ರೂಢಿಯಂತೆ ಫೋನು ಹಚ್ಚಿದರು. ನಾನು ಸೊಪ್ಪು ಬಿಡಿಸುತ್ತ ಕೂತಿದ್ದೆ, ಜಿಲೇಬಿಯ ಬೈಗುಳಕ್ಕಾಗಿ ಕಾಯುತ್ತಿದ್ದೆ. ಇವರು ನೆಟ್ಟಗೆ ಕೂತು, ಹೆಗಲ ಮೇಲಿನ ಟವೆಲು ಸರಿ ಮಾಡಿಕೊಂಡು, ‘ನಮಸ್ಕಾರ್ರಿ ಬೀಗ್ರ. ಆರಾಮ ಅದೀರೇನ್ರಿ? ಮನ್ಯಾಗ ಎಲ್ಲಾರೂ ಆರಾಮ?’ ಎಂದರು. ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಇವರು ‘ಹ್ಞೂಂರಿ, ಹ್ಞೂಂರಿ’ ಎನ್ನುತ್ತ ಸ್ವಲ್ಪ ಹೊತ್ತಿಗೇ ಫೋನು ಇಟ್ಟರು.

‘ಸಕ್ಕರಿ ಬ್ಯಾನಿ ಸುದ್ದಿ ಕೇಳ್ಲಿಲ್ಲ ನೀವು,’ ಎಂದೆ.

‘ಬೀಗ್ರಿಗಿ ಹಂಗ ಬೈಲಾಕ ಬರ್ತಾದೇನ?’ ಎಂದರು. ನಾನು ಸೊಪ್ಪಿನ ಬುಟ್ಟಿ ಸರಿಸಿ ಅವರ ಹತ್ತಿರ ಹೋಗಿ ಕೂತೆ. ಆಗ ಮೆಲ್ಲಗೆ ಹೇಳಿದರು:

‘ಎಲ್ಲಾರೂ ಮಗಳಿಗಿ ಬಂಗಾರ ಕೊಡ್ತಾರ. ನಾ ನನ್ ತಮ್ಮನ್ನ ಕೊಟ್ಟೆ.’